ಮಂಜಿನ ಬೆಳಗ್ಗೆ ಶ್ರೀಹರಿಕೋಟಾದಲ್ಲಿ ರಾಕೆಟ್ ನೋಡುವುದು ಹೇಗೆ? ಹೊಸೂರು, ಚಿತ್ತೂರು ಕಡೆಯವರಿಗೊಂದು ಮಾರ್ಗದರ್ಶಿ

ಹೊಸೂರಿನ ಕಡೆಯವರಿಗೆ ಮಂಜು ಹೊಸದಲ್ಲ. ಧನುರ್ಮಾಸದ ಬೆಳಗ್ಗೆ ಶೂಲಗಿರಿ ದಾಟುವಾಗ ಮುಂದಿನ ಲಾರಿಯ ಕೆಂಪು ದೀಪ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ತಳಿ, ಕೆಲಮಂಗಲದ ಕಡೆ ಆ ಮಂಜಿನಲ್ಲೇ ಹೂ ಬಿಡಿಸುತ್ತಾರೆ. ಆದರೆ ಕಡಲ ಪಕ್ಕದಲ್ಲೂ ಇಷ್ಟು ದಟ್ಟವಾಗಿ ಮಂಜು ಕವಿಯುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಕಡಲ ತೀರ ಅಂದರೆ ಬಿಸಿಲು, ಸೆಕೆ, ಬೆವರು ಅಂತಲೇ ಅಂದುಕೊಂಡಿದ್ದೆ.

ಮೊದಲ ಸಲ ಶ್ರೀಹರಿಕೋಟಾ ಕಡೆ ಹೋದದ್ದು ಒಂದು ಚಳಿಗಾಲದಲ್ಲಿ. ನಾನು, ಅಕ್ಕ, ಭಾವ, ಅವರ ಎಂಟು ವರ್ಷದ ಮಗಳು. ಅಲ್ಲಿಯ ಪುಲಿಕಾಟ್ ಸರೋವರದ ದಂಡೆಯ ರಸ್ತೆಯಲ್ಲಿ ನಿಂತಿದ್ದೆವು. ಸುತ್ತಲೂ ಬೆಳ್ಳಗೆ. ಹೊತ್ತಾಯಿತು. ಪೂರ್ವದಲ್ಲಿ ಮಂಜು ಒಮ್ಮೆಗೇ ಕಿತ್ತಳೆ ಬಣ್ಣಕ್ಕೆ ತಿರುಗಿತು, ಹತ್ತು ಸೆಕೆಂಡಿಗೆ ಮಾಸಿಹೋಯಿತು. ದೊಡ್ಡವರೆಲ್ಲ ಆ ಬಣ್ಣ ಮಾಸಿದ ಜಾಗವನ್ನೇ ನೋಡುತ್ತಾ "ಅಷ್ಟೇ, ಮುಗಿಯಿತು" ಅಂದುಕೊಂಡೆವು. ಮಗು ಜಮಖಾನದ ಮೇಲೆ ಅಂಗಾತ ಮಲಗಿತ್ತು. ಅದು ಕೂಗಿತು: "ಮಾಮ, ಮೇಲೆ! ಅಲ್ಲಿ ಹೋಗ್ತಿದೆ!" ನಾನು ತಲೆ ಎತ್ತುವಷ್ಟರಲ್ಲಿ ಉಳಿದಿದ್ದು ಎರಡು ಸೆಕೆಂಡಿನ ನೋಟ. ಬೆಂಕಿಯ ಒಂದು ಚುಕ್ಕೆ, ಹಿಂದೆ ಉದ್ದನೆಯ ಬಾಲ. ಆಮೇಲೆ ಸದ್ದು ಬಂತು.

ಆ ದಿನ ಕಲಿತದ್ದು ಇಷ್ಟು. ಮಂಜಿನಲ್ಲಿ ದೂರ ನೋಡಬಾರದು, ಮೇಲೆ ನೋಡಬೇಕು. ಆಮೇಲೆ ಇನ್ನೂ ಮೂರು ಸಲ ಹೋಗಿಬಂದೆ. ಪ್ರತಿ ಸಲವೂ ಒಂದಷ್ಟು ಹೊಸದು ತಿಳಿಯಿತು. ಅದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಕೆಲಸ: ಹೊತ್ತು ನೋಡಿ

ಉಡಾವಣೆಯ ದಿನಾಂಕಕ್ಕಿಂತ ಗಂಟೆ ಮುಖ್ಯ. ಚಳಿಗಾಲದ ನಾಲ್ಕು ಉಡಾವಣೆಗಳನ್ನು ನೋಡಿ. 2025ರ ಜನವರಿ 29ರಂದು ಇಸ್ರೋದ ಜಿಎಸ್‌ಎಲ್‌ವಿ ರಾಕೆಟ್ ಹಾರಿದ್ದು ಬೆಳಗ್ಗೆ 6:23ಕ್ಕೆ. ಅದು ಶ್ರೀಹರಿಕೋಟಾದ ನೂರನೇ ಉಡಾವಣೆ. 2024ರ ಜನವರಿ 1ರಂದು ಎಕ್ಸ್‌ಪೋಸ್ಯಾಟ್ ಉಪಗ್ರಹ ಹೊತ್ತ ಪಿಎಸ್‌ಎಲ್‌ವಿ ರಾಕೆಟ್ ಹೊರಟದ್ದು ಬೆಳಗ್ಗೆ 9:10ಕ್ಕೆ. 2024ರ ಫೆಬ್ರವರಿ 17ರಂದು ಹವಾಮಾನ ಉಪಗ್ರಹ ಇನ್ಸಾಟ್-3ಡಿಎಸ್ ಹೋದದ್ದು ಸಂಜೆ 5:35ಕ್ಕೆ. 2024ರ ಡಿಸೆಂಬರ್ 30ರಂದು ಬಾಹ್ಯಾಕಾಶದಲ್ಲಿ ಒಂದಕ್ಕೊಂದು ಜೋಡಿಸುವ ಸ್ಪೇಡೆಕ್ಸ್ ಪ್ರಯೋಗದ ಜೋಡಿ ಉಪಗ್ರಹಗಳು ಹಾರಿದ್ದು ರಾತ್ರಿ 10ಕ್ಕೆ.

ನಾಲ್ಕೂ ಚಳಿಗಾಲದವೇ. ಆದರೆ ಮಂಜಿನ ಲೆಕ್ಕದಲ್ಲಿ ನಾಲ್ಕೂ ಬೇರೆ ಬೇರೆ. ಸೂರ್ಯ ಹುಟ್ಟುವ ಆಸುಪಾಸಿನಲ್ಲಿ ಮಂಜು ಅತಿ ಜಾಸ್ತಿ. ಹಾಗಾಗಿ ಆರು, ಆರೂವರೆಯ ಉಡಾವಣೆಗೆ ಹೋಗುವವರು ಪೂರ್ತಿ ತಯಾರಾಗಿ ಹೋಗಬೇಕು. ಒಂಬತ್ತರ ಹೊತ್ತಿಗೆ ಬಿಸಿಲು ನೆಲ ಕಾಯಿಸಿ ಮಂಜು ಕರಗತೊಡಗುತ್ತದೆ. ಸಂಜೆ ಐದೂವರೆಗೆ ಮಂಜಿನ ಕಾಟ ಸಾಮಾನ್ಯವಾಗಿ ಇರುವುದಿಲ್ಲ. ರಾತ್ರಿ ಹತ್ತಕ್ಕೆ ಇನ್ನೂ ಕೂತಿರುವುದಿಲ್ಲ, ಬರುವುದಿದ್ದರೂ ಮಧ್ಯರಾತ್ರಿ ದಾಟಿದ ಮೇಲೆ.

ಜೊತೆಗೆ ಒಂದು ದಿನ ಕೈಯಲ್ಲಿ ಇಟ್ಟುಕೊಂಡೇ ಹೊರಡಿ. ಚಂದ್ರಯಾನ-2 ಮೊದಲು ಹಾರಬೇಕಿದ್ದದ್ದು 2019ರ ಜುಲೈ 15ರ ನಸುಕಿನ 2:51ಕ್ಕೆ. ಇನ್ನು 56 ನಿಮಿಷ ಇದೆ ಅನ್ನುವಾಗ ಕೌಂಟ್‌ಡೌನ್ ನಿಂತಿತು. ಕೊನೆಗೆ ಹಾರಿದ್ದು ಜುಲೈ 22ರ ಮಧ್ಯಾಹ್ನ 2:43ಕ್ಕೆ. ಅಲ್ಲಿಗೆ ಹೋದವರು ರಾಕೆಟ್ ನೋಡದೆ ವಾಪಸ್ ಬರುವುದು ಅಪರೂಪದ ಮಾತಲ್ಲ. ಮಕ್ಕಳನ್ನು ಕರೆದುಕೊಂಡು ಹೋಗುವುದಾದರೆ ಈ ಮಾತನ್ನು ಅವರಿಗೆ ಮನೆಯಲ್ಲೇ ಹೇಳಿಡಿ.

ಮಂಜಿನಿಂದಲೇ ಉಡಾವಣೆ ನಿಂತುಹೋಗುತ್ತದಾ ಅಂತ ತುಂಬಾ ಜನ ಕೇಳುತ್ತಾರೆ. ರಾಕೆಟ್ ಕಣ್ಣಿನಿಂದ ದಾರಿ ನೋಡಿಕೊಂಡು ಹೋಗುವುದಿಲ್ಲ. ಅದರೊಳಗಿನ ಉಪಕರಣಗಳೇ ದಾರಿ ಹಿಡಿಸುತ್ತವೆ. ನೆಲದಿಂದ ರಾಡಾರ್ ಹಿಂಬಾಲಿಸುತ್ತದೆ. ರೇಡಿಯೋ ಅಲೆಗೆ ಮಂಜು ಅಡ್ಡಿಯಲ್ಲ. ಇಸ್ರೋದವರಿಗೆ ಚಿಂತೆ ಇರುವುದು ಸಿಡಿಲು ಮತ್ತು ಮೇಲಿನ ಗಾಳಿಯದು. ಅದಕ್ಕೇ ಬಲೂನು ಬಿಟ್ಟು ಎತ್ತರದ ಗಾಳಿಯ ವೇಗ ಅಳೆಯುತ್ತಾರೆ. ರಾಕೆಟ್ಟಿನ ಬೆಂಕಿಯ ಬಾಲ ವಿದ್ಯುತ್ತಿಗೆ ತಂತಿಯ ಹಾಗೆ ದಾರಿ ಕೊಡುತ್ತದೆ. 1969ರ ನವೆಂಬರ್‌ನಲ್ಲಿ ಚಂದ್ರನತ್ತ ಹೊರಟ ಅಮೆರಿಕದ ಅಪೊಲೊ-12 ಮಳೆಮೋಡದೊಳಗೆ ನುಗ್ಗಿದಾಗ ಸಿಡಿಲು ಬಡಿದದ್ದು ಹೀಗೆಯೇ. ಮಂಜಿನಲ್ಲಿ ಆ ಭಯವಿಲ್ಲ. ನಮ್ಮ ಚಂದ್ರಯಾನ-1 ಕೂಡ 2008ರ ಅಕ್ಟೋಬರ್ 22ರ ಬೆಳಗ್ಗೆ 6:22ಕ್ಕೆ ಹಿಂಗಾರಿನ ಮೋಡಗಳ ನಡುವೆಯೇ ಹೊರಟಿತ್ತು. ಹಾಗಾಗಿ "ಮಂಜಿದೆ, ಮುಂದೂಡುತ್ತಾರೆ ಬಿಡಿ" ಅಂತ ಲಾಡ್ಜಿನಲ್ಲಿ ಮಲಗಿಬಿಡಬೇಡಿ. ನಿಮಗೆ ಕಾಣದಿದ್ದರೂ ಅದು ಹೊರಡುತ್ತದೆ.

ಎಲ್ಲಿ ನಿಲ್ಲಬೇಕು

ಶ್ರೀಹರಿಕೋಟಾ ಒಂದು ದ್ವೀಪ. ಪೂರ್ವಕ್ಕೆ ಬಂಗಾಳ ಕೊಲ್ಲಿ, ಪಶ್ಚಿಮಕ್ಕೆ ಪುಲಿಕಾಟ್ ಸರೋವರ. ಸೂಳ್ಳೂರುಪೇಟೆಯಿಂದ ಸರೋವರದ ನಡುವೆ ಹಾಕಿದ ರಸ್ತೆಯಲ್ಲಿ ಅಲ್ಲಿಗೆ ಹೋಗಬೇಕು. ಈ ಜಾಗದ ಗುಣವೇ ಮಂಜಿಗೆ ಕಾರಣ. ಪುಲಿಕಾಟ್ ಆಳವಿಲ್ಲದ, ಅಗಲವಾಗಿ ಹರಡಿದ ಉಪ್ಪು ನೀರಿನ ಸರೋವರ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಹಿಂಗಾರು ಮಳೆ ಸುರಿದು ನೆಲವೆಲ್ಲ ಒದ್ದೆಯಾಗಿರುತ್ತದೆ. ಆಮೇಲೆ ಬರುವ ಜನವರಿ, ಫೆಬ್ರವರಿಯ ತಿಳಿ ರಾತ್ರಿಗಳಲ್ಲಿ ನೆಲ ಬೇಗ ತಣ್ಣಗಾಗುತ್ತದೆ. ಗಾಳಿ ನಿಂತುಹೋಗುತ್ತದೆ. ನೆಲಕ್ಕೆ ಅಂಟಿಕೊಂಡ ಗಾಳಿಯ ತೇವವೆಲ್ಲ ಸಣ್ಣ ಹನಿಯಾಗಿ ತೇಲತೊಡಗುತ್ತದೆ. ಅದೇ ಮಂಜು. ಅಲ್ಲಿಯ ತೆಲುಗಿನವರು ಪೊಗಮಂಚು ಅನ್ನುತ್ತಾರೆ, ತಮಿಳಿನವರು ಮೂಡುಪನಿ. ನಮ್ಮ ಹಳಬರು ಕಾವಳ ಅನ್ನುತ್ತಿದ್ದರು. ಹೊಸೂರಿನಲ್ಲಿ ಬೆಳೆದ ನಮಗೆ ಮೂರೂ ಮಾತು ಅರ್ಥವಾಗುತ್ತದೆ. ಸೂಳ್ಳೂರುಪೇಟೆಯ ಟೀ ಅಂಗಡಿಯಲ್ಲಿ ಹವೆ ವಿಚಾರಿಸುವಾಗ ಇದು ನಿಜವಾಗಿಯೂ ಉಪಯೋಗಕ್ಕೆ ಬಂತು.

ನಿಲ್ಲಲು ಮೂರು ಜಾಗಗಳಿವೆ.

ಒಂದು, ಇಸ್ರೋದವರ ಲಾಂಚ್ ವ್ಯೂ ಗ್ಯಾಲರಿ. 2019ರ ಮಾರ್ಚ್ ಕೊನೆಗೆ ಶುರುವಾಯಿತು. ಮರುದಿನವೇ, ಏಪ್ರಿಲ್ 1ರಂದು, ಪಿಎಸ್‌ಎಲ್‌ವಿ-ಸಿ45 ಹಾರಿದ್ದನ್ನು ಜನ ಅಲ್ಲಿ ಕೂತು ನೋಡಿದರು. ಮೊದಲಿಗೆ 5000 ಜನಕ್ಕೆ ಜಾಗವಿತ್ತು. ಪ್ರವೇಶ ಉಚಿತ. ಆದರೆ ಮೊದಲೇ ಆನ್‌ಲೈನ್‌ನಲ್ಲಿ ಹೆಸರು ನೋಂದಾಯಿಸಬೇಕು. ನೋಂದಣಿ ತೆರೆಯುವುದು ಉಡಾವಣೆಗೆ ಕೆಲವೇ ದಿನ ಮೊದಲು, ತುಂಬಿಹೋಗುವುದು ಬೇಗ. ಇಸ್ರೋದ ಪ್ರಕಟಣೆ ಬಂದ ದಿನದಿಂದಲೇ ದಿನಕ್ಕೆರಡು ಸಲ ವೆಬ್‌ಸೈಟ್ ನೋಡುತ್ತಿರಿ. ಹೋಗುವಾಗ ಗುರುತಿನ ಚೀಟಿಯ ಅಸಲು ಪ್ರತಿ ಬೇಕು. ಏನೇನು ಒಳಗೆ ಬಿಡುತ್ತಾರೆ ಅನ್ನುವುದು ಆಗಾಗ ಬದಲಾಗುತ್ತದೆ. ನೋಂದಣಿಯ ಜೊತೆ ಬರುವ ಸೂಚನೆಯನ್ನು ಪೂರ್ತಿ ಓದಿ.

ಮಂಜಿನ ದಿನ ಗ್ಯಾಲರಿಯೇ ಎಲ್ಲಕ್ಕಿಂತ ಒಳ್ಳೆಯದು. ಕಾರಣ ಸುಲಭ. ನೀವು ಹತ್ತಿರ ಇದ್ದಷ್ಟೂ ರಾಕೆಟ್ ನಿಮ್ಮ ತಲೆಯ ಮೇಲಕ್ಕೆ ಬೇಗ ಏರುತ್ತದೆ. ಇದನ್ನು ಮುಂದೆ ಲೆಕ್ಕ ಹಾಕಿ ತೋರಿಸುತ್ತೇನೆ.

ಎರಡನೆಯದು, ಸೂಳ್ಳೂರುಪೇಟೆ ಕಡೆಯ ಸರೋವರದ ದಂಡೆ. ಚೀಟಿ ಸಿಗದವರೆಲ್ಲ ನಿಲ್ಲುವುದು ಇಲ್ಲೇ. ಉಡಾವಣೆಯ ಹೊತ್ತಿಗೆ ಪೊಲೀಸರು ವಾಹನ ತಡೆಯುತ್ತಾರೆ. ಅವರು ಎಲ್ಲಿ ನಿಲ್ಲಿ ಅಂದರೋ ಅಲ್ಲೇ ನಿಲ್ಲಿ.

ಮೂರನೆಯದು, ತಮಿಳುನಾಡಿನ ಪಳವೇರ್ಕಾಡು. ಸರೋವರದ ದಕ್ಷಿಣದ ತುದಿ. ಉಡಾವಣಾ ಜಾಗದಿಂದ ಮೂವತ್ತು ಕಿಲೋಮೀಟರಿಗೂ ಜಾಸ್ತಿ ದೂರ. ಇಲ್ಲಿ ನಿಂತರೆ ರಾಕೆಟ್ ಉತ್ತರದಲ್ಲಿ ಏಳುತ್ತದೆ, ಪಿಎಸ್‌ಎಲ್‌ವಿ ಆದರೆ ನಿಮ್ಮ ಎದುರಿಗೆ ಎಡದಿಂದ ಬಲಕ್ಕೆ ಕಡಲ ಮೇಲೆ ಸಾಗುತ್ತದೆ. ಆಕಾಶ ತಿಳಿಯಾಗಿದ್ದರೆ ಇದು ತುಂಬಾ ಚಂದ. ಮಂಜಿದ್ದರೆ ಮಾತ್ರ ನಾನು ಇಲ್ಲಿಗೆ ಹೋಗಿ ಅನ್ನುವುದಿಲ್ಲ.

ಹಿಂದಿನ ಸಂಜೆ ಮಂಜನ್ನು ಓದುವುದು

ಇದಕ್ಕೆ ದೊಡ್ಡ ಉಪಕರಣ ಬೇಡ. ಸಂಜೆ ಆಕಾಶ ತಿಳಿಯಾಗಿದೆಯಾ? ಗಾಳಿ ಬಿದ್ದುಹೋಗಿದೆಯಾ? ರಾತ್ರಿ ಒಂಬತ್ತಕ್ಕೇ ಬೈಕಿನ ಸೀಟು ಒದ್ದೆಯಾಗಿದೆಯಾ? ಮೂರಕ್ಕೂ ಹೌದು ಅಂದರೆ ಬೆಳಗ್ಗೆ ಮಂಜು ಖಂಡಿತ ಅಂದುಕೊಂಡೇ ತಯಾರಾಗಿ. ಮೊಬೈಲಿನ ಹವಾಮಾನ ಆ್ಯಪ್‌ನಲ್ಲಿ ಉಷ್ಣತೆಯ ಜೊತೆ ಡ್ಯೂ ಪಾಯಿಂಟ್ ಅಂತ ಒಂದು ಅಂಕಿ ಇರುತ್ತದೆ. ಅಂದರೆ ಗಾಳಿಯ ತೇವ ಹನಿಗಟ್ಟುವ ಮಟ್ಟ. ಎರಡು ಅಂಕಿಗಳೂ ಹತ್ತಿರ ಹತ್ತಿರ ಬಂದಷ್ಟೂ ಮಂಜು ಹತ್ತಿರ. ಒಂದೆರಡು ಡಿಗ್ರಿ ಅಂತರವಷ್ಟೇ ಉಳಿದಿದ್ದು ಗಾಳಿಯೂ ನಿಂತಿದ್ದರೆ ಎಚ್ಚರ.

ಹವಾಮಾನ ಇಲಾಖೆ ಇನ್ಸಾಟ್ ಉಪಗ್ರಹಗಳ ಚಿತ್ರಗಳನ್ನು ದಿನವಿಡೀ ಹಾಕುತ್ತಿರುತ್ತದೆ. ಅದನ್ನೂ ನೋಡಿ. ಶ್ರೀಹರಿಕೋಟಾದಿಂದಲೇ ಹಾರಿದ ಉಪಗ್ರಹ ಮೇಲಿನಿಂದ ಶ್ರೀಹರಿಕೋಟಾದ ಮಂಜನ್ನು ನಮಗೆ ತೋರಿಸುತ್ತದೆ. ಇದನ್ನು ಅಕ್ಕನ ಮಗಳಿಗೆ ಹೇಳಿದಾಗ ಅವಳ ಮುಖ ನೋಡಬೇಕಿತ್ತು!

ಮಂಜು ಬಂದ ಮೇಲೆ ಅದು ಎಷ್ಟು ದಟ್ಟ, ಎಷ್ಟು ಎತ್ತರ ಅಂತ ತಿಳಿಯಬೇಕು. ಎರಡೂ ಬೇರೆ ಬೇರೆ ವಿಷಯ. ದಟ್ಟ ಎಷ್ಟು ಅಂತ ತಿಳಿಯಲು ರಸ್ತೆಯ ಲೈಟ್ ಕಂಬಗಳನ್ನು ಎಣಿಸಿ. ಎರಡು ಕಂಬಗಳ ನಡುವೆ ಎಷ್ಟು ಹೆಜ್ಜೆ ಅಂತ ಒಮ್ಮೆ ನಡೆದು ನೋಡಿ, ಎಷ್ಟನೆಯ ಕಂಬದವರೆಗೆ ಕಾಣುತ್ತದೆ ಅಂತ ಗುಣಿಸಿ. ಹವಾಮಾನ ಇಲಾಖೆಯ ಲೆಕ್ಕದಲ್ಲಿ 200 ಮೀಟರಿಗಿಂತ ಕಡಿಮೆ ಕಂಡರೆ ದಟ್ಟ ಮಂಜು, 50ಕ್ಕಿಂತ ಕಡಿಮೆಯಾದರೆ ಅತಿ ದಟ್ಟ.

ಎತ್ತರ ತಿಳಿಯಲು ತಲೆ ಎತ್ತಿ. ನೆತ್ತಿಯ ಮೇಲೆ ನಕ್ಷತ್ರ ಕಾಣುತ್ತಿದೆಯಾ? ಕಾಣುತ್ತಿದ್ದರೆ ಮಂಜು ಹಾಸಿಗೆಯ ಹಾಗೆ ನೆಲಕ್ಕೆ ಹರಡಿದೆ, ಎತ್ತರ ಕಡಿಮೆ. ಎದುರಿನ ಕಂಬ ಕಾಣದಿದ್ದರೂ ನೀವು ರಾಕೆಟ್ ನೋಡುತ್ತೀರಿ. ಚಂದ್ರ ಕೂಡ ಹಾಲು ಚೆಲ್ಲಿದ ಹಾಗೆ ಕಲಸಿಹೋಗಿದ್ದರೆ ಮಂಜು ದಪ್ಪ ಇದೆ. ಇರಬೇಕಾದ ಚಂದ್ರನೇ ಕಾಣುತ್ತಿಲ್ಲ, ಬರೀ ಬೂದು ಬಣ್ಣ ಅಂದರೆ ಅದು ತುಂಬಾ ದಪ್ಪ ಮಂಜು, ಇಲ್ಲವೇ ತಗ್ಗಿನ ಮೋಡ. ಆಗ ಕಣ್ಣಿಗಿಂತ ಕಿವಿಯನ್ನು ನಂಬಿ.

ಒಂದು ಸೂಕ್ಷ್ಮ ಇದೆ. ಬಿಸಿಲು ಬಂದೊಡನೆ ಮಂಜು ಒಂದೇ ಸಲ ಮಾಯವಾಗುವುದಿಲ್ಲ. ಕೆಲವೊಮ್ಮೆ ನೆಲ ಬಿಟ್ಟು ಮೇಲೆದ್ದು, ತೆಳು ಮೋಡವಾಗಿ ಅರ್ಧ ಗಂಟೆ, ಒಂದು ಗಂಟೆ ನಿಲ್ಲುತ್ತದೆ. ಆ ಹೊತ್ತಿನಲ್ಲಿ ಎದುರಿನದ್ದೆಲ್ಲ ಸ್ಪಷ್ಟವಾಗಿ ಕಾಣುತ್ತದೆ, ಜನ ಖುಷಿಯಾಗುತ್ತಾರೆ. ರಾಕೆಟ್ ಮಾತ್ರ ಏಳೆಂಟು ಸೆಕೆಂಡಿನಲ್ಲಿ ಮೋಡದೊಳಗೆ ಹೋಗಿಬಿಡುತ್ತದೆ. ಇಂಥ ಹೊತ್ತಿನಲ್ಲಿ ಮೋಡದ ಮಾಡಿನಲ್ಲಿ ನೀಲಿ ಕಿಂಡಿ ಎಲ್ಲಿದೆ ಅಂತ ಮೊದಲೇ ಗುರುತು ಮಾಡಿಕೊಳ್ಳಿ.

ಹೊರಡುವುದು

ಹೊಸೂರಿನಿಂದ ಕೃಷ್ಣಗಿರಿ, ವೆಲ್ಲೂರು ದಾರಿಯಾಗಿ ಚೆನ್ನೈಗೆ ಸುಮಾರು 300 ಕಿಲೋಮೀಟರ್. ಅಲ್ಲಿಂದ ಗುಮ್ಮಿಡಿಪೂಂಡಿ, ತಡ ದಾಟಿ ಸೂಳ್ಳೂರುಪೇಟೆಗೆ ಇನ್ನೂ 80 ಚಿಲ್ಲರೆ. ಸ್ವಂತ ಗಾಡಿ ಇಲ್ಲದಿದ್ದರೆ ಚೆನ್ನೈವರೆಗೆ ಬಸ್ಸು, ಆಮೇಲೆ ಸೂಳ್ಳೂರುಪೇಟೆಗೆ ಹೋಗುವ ಲೋಕಲ್ ರೈಲು. ಚಿತ್ತೂರು, ಪಲಮನೇರು ಕಡೆಯ ಕನ್ನಡಿಗರಿಗೆ ತಿರುಪತಿ, ಶ್ರೀಕಾಳಹಸ್ತಿ, ನಾಯುಡುಪೇಟೆ ದಾರಿಯೇ ಹತ್ತಿರ.

ಬೆಳಗಿನ ಉಡಾವಣೆಗೆ ಹಿಂದಿನ ಸಂಜೆಯೇ ಸೂಳ್ಳೂರುಪೇಟೆ ಸೇರಿಕೊಳ್ಳಿ. ಇದನ್ನು ಒತ್ತಿ ಹೇಳುತ್ತೇನೆ. ಎರಡನೆಯ ಸಲ ನಾವು ರಾತ್ರಿ ಹೊರಟು ಬೆಳಗ್ಗೆ ಮುಟ್ಟೋಣ ಅಂತ ಗಾಡಿ ಗೊತ್ತು ಮಾಡಿದ್ದೆವು. ಗಾಡಿ ಬಂದದ್ದೇ ಎರಡು ಗಂಟೆ ತಡ. ಹೆದ್ದಾರಿಯಲ್ಲಿ ಮಂಜು ಸಿಕ್ಕಿತು. ತಡವಾಗಿದೆ ಅಂತ ಡ್ರೈವರ್ ಮಂಜಿನಲ್ಲೇ ವೇಗ ಹೆಚ್ಚಿಸಿದ. ಅಕ್ಕ ಹೆದರಿ ನಿಲ್ಲಿಸು ಅಂದಳು. ಪೆಟ್ರೋಲ್ ಬಂಕಿನ ಒಳಗೆ ನಿಲ್ಲಿಸಿ ಬೆಳಕಾಗುವವರೆಗೆ ಕಾದೆವು. ರಾಕೆಟ್ ಹೋದದ್ದು ನಮಗೆ ಮೊಬೈಲಿನಲ್ಲಿ ತಿಳಿಯಿತು. ಆ ದಿನ ನಿಲ್ಲಿಸಿದ್ದು ಸರಿಯಾಗಿತ್ತು ಅಂತ ಈಗಲೂ ಅನ್ನುತ್ತೇನೆ. ಮಂಜಿನಲ್ಲಿ ಓಡಿಸಲೇಬೇಕಾದರೆ ಹೈ ಬೀಮ್ ಹಾಕಬೇಡಿ, ಬೆಳಕು ಮಂಜಿಗೆ ಬಡಿದು ನಿಮ್ಮ ಕಣ್ಣಿಗೇ ವಾಪಸ್ ಬರುತ್ತದೆ. ಡಿಮ್ ಸಾಕು. ರಸ್ತೆ ಅಂಚಿನ ಬಿಳಿ ಗೆರೆ ನೋಡುತ್ತಾ ನಿಧಾನ ಹೋಗಿ. ರಸ್ತೆಯ ಮೇಲೆ, ಅಂಚಿನಲ್ಲಿ ಎಲ್ಲೂ ನಿಲ್ಲಿಸಬೇಡಿ. ಬಂಕೋ ಡಾಬಾವೋ ಸಿಕ್ಕಿದರೆ ಒಳಗೆ ಹೋಗಿ.

ಚೀಲದಲ್ಲಿ ಏನಿರಬೇಕು? ಕಟ್ಟಿಕೊಂಡ ಚಿತ್ರಾನ್ನ, ನೀರು, ಸ್ವೆಟರ್, ಕೂರಲು ಜಮಖಾನ, ಒರೆಸಲು ಒಣ ಹತ್ತಿ ಬಟ್ಟೆ, ಬಿಸಿಲಿಗೆ ಟೋಪಿ. ದುರ್ಬೀನು ಇದ್ದರೆ ತನ್ನಿ, ಇಲ್ಲದಿದ್ದರೂ ನಷ್ಟವಿಲ್ಲ.

ಜಾಗಕ್ಕೆ ಬಂದ ಮೇಲೆ

ದುರ್ಬೀನು, ಕ್ಯಾಮೆರಾ ಎರಡನ್ನೂ ಅರ್ಧ ಗಂಟೆ ಮೊದಲೇ ಚೀಲದಿಂದ ಹೊರಗಿಡಿ. ಎಸಿ ಕಾರಿನಲ್ಲಿ ತಣ್ಣಗಾದ ಗಾಜು ತೇವದ ಗಾಳಿಗೆ ಬಂದೊಡನೆ ಬೆವರುತ್ತದೆ. ಕೊನೆಯ ನಿಮಿಷದಲ್ಲಿ ತೆಗೆದರೆ ಒರೆಸುವುದರಲ್ಲೇ ಎಲ್ಲ ಮುಗಿಯುತ್ತದೆ.

ದಿಕ್ಕು ಗುರುತು ಮಾಡಿಕೊಳ್ಳಿ. ಗ್ಯಾಲರಿಯಲ್ಲಿ ಕೇಳಿದರೆ ಯಾರಾದರೂ ತೋರಿಸುತ್ತಾರೆ. ದಂಡೆಯಲ್ಲಿ ಮಂಜಿನಿಂದ ಏನೂ ಕಾಣದಿದ್ದರೆ ಮೊಬೈಲಿನ ನಕ್ಷೆ ತೆರೆದು ಉಡಾವಣಾ ವೇದಿಕೆ ಯಾವ ಕಡೆ ಇದೆ ಅಂತ ನೋಡಿ. ಆ ಕಡೆಗೆ ಒಂದು ಕಲ್ಲೋ ಚಪ್ಪಲಿಯೋ ಇಟ್ಟು ಗುರುತು ಮಾಡಿ.

ನೀವು ಪಶ್ಚಿಮದಲ್ಲಿ ನಿಂತು ಪೂರ್ವಕ್ಕೆ ನೋಡುತ್ತಿರುತ್ತೀರಿ. ಬೆಳಗಿನ ಸೂರ್ಯನೂ ಅದೇ ಕಡೆ. ಮಂಜಿನ ಮೇಲೆ ಬಿಸಿಲು ಬಿದ್ದರೆ ಎದುರಿಗೆ ಬಿಳಿ ಗೋಡೆ ಎದ್ದ ಹಾಗಾಗುತ್ತದೆ. ಸೂರ್ಯ ಒಂದು ಕಂಬಕ್ಕೋ ಮರಕ್ಕೋ ಮರೆಯಾಗುವ ಹಾಗೆ ನಿಂತರೆ ಕಣ್ಣಿಗೆ ಎಷ್ಟೋ ಹಿತ. ಸೂರ್ಯನ ಹತ್ತಿರಕ್ಕೆ ದುರ್ಬೀನು ತಿರುಗಿಸಲೇಬೇಡಿ, ಮಕ್ಕಳ ಕೈಗೆ ಕೊಡಲೂ ಬೇಡಿ. ಕಣ್ಣು ಹೋದರೆ ಮತ್ತೆ ಬರುವುದಿಲ್ಲ.

ಗಡಿಯಾರ ಸರಿಮಾಡಿಕೊಳ್ಳಿ. ದಂಡೆಯಲ್ಲಿ ನಿಂತವರು ಮೊಬೈಲಿನ ನೇರಪ್ರಸಾರ ನೋಡುತ್ತಾ ಎಣಿಸುತ್ತಾರೆ. ಅದು ತಡವಾಗಿ ಬರುತ್ತದೆ. ನೆಟ್‌ವರ್ಕ್ ಮೇಲೆ ಹೊರೆ ಬಿದ್ದಷ್ಟೂ ಇನ್ನೂ ತಡ. ಮಂಜಿನ ದಿನ ಪ್ರತಿ ಸೆಕೆಂಡೂ ಬೇಕು. ಮೊಬೈಲಿನ ಗಡಿಯಾರವನ್ನೇ ನಂಬಿ, ಪ್ರಸಾರವನ್ನು ಸುಮ್ನೆ ಹೋಲ್ಡ್, ಅಂದರೆ ಕೌಂಟ್‌ಡೌನ್ ನಿಲ್ಲುವುದು, ಏನಾದರೂ ಆಯಿತಾ ಅಂತ ತಿಳಿಯಲಷ್ಟೇ ಇಟ್ಟುಕೊಳ್ಳಿ.

ಸೊನ್ನೆ ಆದ ಮೇಲಿನ ಒಂದೂವರೆ ನಿಮಿಷ

ಈಗ ಆ ಲೆಕ್ಕ. ಮಂಜು ನೆಲದಿಂದ 200 ಮೀಟರ್ ಎತ್ತರ ಇದೆ ಅಂದುಕೊಳ್ಳಿ. ನೆಟ್ಟಗೆ ಎದುರಿಗೆ ನೋಡಿದರೆ ನಿಮ್ಮ ನೋಟ ಕಿಲೋಮೀಟರುಗಟ್ಟಲೆ ಮಂಜಿನೊಳಗೇ ಹೋಗಬೇಕು. ಕಣ್ಣನ್ನು 5 ಡಿಗ್ರಿ ಮೇಲೆತ್ತಿದರೆ ನೋಟ ದಾಟಬೇಕಾದ ಮಂಜು ಸುಮಾರು 2300 ಮೀಟರ್. 30 ಡಿಗ್ರಿ ಎತ್ತಿದರೆ ಬರೀ 400 ಮೀಟರ್. 60 ಡಿಗ್ರಿಗೆ 230. ಅಂದರೆ ರಾಕೆಟ್ ಮೇಲಕ್ಕೆ ಏರಿದಷ್ಟೂ ನಿಮ್ಮ ಮತ್ತು ಅದರ ನಡುವಿನ ಮಂಜು ಕಡಿಮೆಯಾಗುತ್ತಾ ಹೋಗುತ್ತದೆ. ಮೊದಲ ಸಲ ನಾವು ಮುಗಿಯಿತು ಅಂದುಕೊಂಡ ಹೊತ್ತಿನಲ್ಲೇ ನೋಟ ಶುರುವಾಗಿತ್ತು.

ಅಳತೆಗೆ ನಿಮ್ಮ ಕೈಯೇ ಸಾಕು. ತೋಳನ್ನು ಪೂರ್ತಿ ಚಾಚಿ ಮುಷ್ಟಿ ಕಟ್ಟಿದರೆ ಅದರ ಅಗಲ ಸುಮಾರು 10 ಡಿಗ್ರಿ. ಮೂರು ಮುಷ್ಟಿ ಒಂದರ ಮೇಲೊಂದು ಇಟ್ಟರೆ 30 ಡಿಗ್ರಿ.

ಹೀಗೆ ಮಾಡಿ. ಸೊನ್ನೆಗೆ ವೇದಿಕೆಯ ದಿಕ್ಕಿಗೆ ನೋಡಿ. ಮಂಜು ಬಣ್ಣ ತಿರುಗುತ್ತದೆ. ನಸುಕಿನಲ್ಲಿ, ರಾತ್ರಿಯಲ್ಲಿ ಆ ಬಣ್ಣ ಇಡೀ ಪೂರ್ವವನ್ನು ತುಂಬುತ್ತದೆ. ಇದು ತಿಳಿ ಆಕಾಶದಲ್ಲಿ ಸಿಗದ ನೋಟ, ಮಂಜಿನ ದಿನದವರಿಗೆ ಮಾತ್ರ. ಜಿಎಸ್‌ಎಲ್‌ವಿ ಆದರೆ ಅದರ ನಾಲ್ಕು ಪಕ್ಕದ ಎಂಜಿನ್‌ಗಳು ಸೊನ್ನೆಗೆ ಸುಮಾರು ಐದು ಸೆಕೆಂಡ್ ಮೊದಲೇ ಹೊತ್ತಿಕೊಳ್ಳುತ್ತವೆ, ಅದಕ್ಕೇ ಬೇಗ ನೋಡಲು ಶುರುಮಾಡಿ. ಹತ್ತು ಎಣಿಸಿ. ಆ ಬಣ್ಣ ಮಾಸಿದ ಜಾಗದಲ್ಲೇ ಕಣ್ಣು ನಿಲ್ಲಿಸಬೇಡಿ. ನಿಧಾನವಾಗಿ ತಲೆ ಮೇಲೆತ್ತುತ್ತಾ ಹೋಗಿ. ಗ್ಯಾಲರಿಯಲ್ಲಿದ್ದರೆ ಮೂವತ್ತು ಎಣಿಸುವಷ್ಟರಲ್ಲಿ ಮೂರು ಮುಷ್ಟಿಯ ಎತ್ತರಕ್ಕೆ ಬನ್ನಿ. ಸರೋವರದ ದಂಡೆಯಲ್ಲಿದ್ದರೆ ಅಷ್ಟು ಎತ್ತರ ಬರಲು ಮುಕ್ಕಾಲು ನಿಮಿಷದಿಂದ ಒಂದು ನಿಮಿಷ ಹಿಡಿಯುತ್ತದೆ.

ಪಕ್ಕಕ್ಕೂ ಸರಿಯಬೇಕು. ಪಿಎಸ್‌ಎಲ್‌ವಿ ಸಾಮಾನ್ಯವಾಗಿ ಧ್ರುವದ ಕಡೆಯ ಕಕ್ಷೆಗೆ ಹೋಗುತ್ತದೆ. ಶ್ರೀಲಂಕಾದ ಮೇಲೆ ಹಾಯಬಾರದು ಅಂತ ಮೊದಲು ಆಗ್ನೇಯಕ್ಕೆ ಹೋಗಿ, ದೂರ ಹೋದ ಮೇಲೆ ದಕ್ಷಿಣಕ್ಕೆ ತಿರುಗುತ್ತದೆ. ಪೂರ್ವಕ್ಕೆ ಮುಖ ಮಾಡಿದ ನಿಮಗೆ ಅದು ಬಲಕ್ಕೆ ಸರಿದ ಹಾಗೆ ಕಾಣುತ್ತದೆ. ಜಿಎಸ್‌ಎಲ್‌ವಿ ಮತ್ತು ಇಸ್ರೋದ ಅತಿ ದೊಡ್ಡ ರಾಕೆಟ್ ಎಲ್‌ವಿಎಂ-3 ಹೆಚ್ಚಾಗಿ ನೆಟ್ಟಗೆ ಕಡಲ ಕಡೆಗೇ ಹೋಗುತ್ತವೆ, ಬಲಕ್ಕೆ ಸ್ವಲ್ಪವೇ ಸರಿಯುತ್ತವೆ. ಯಾವ ರಾಕೆಟ್ ಅಂತ ತಿಳಿದುಕೊಂಡೇ ನಿಲ್ಲಿ.

ಒಬ್ಬರೇ ಎಲ್ಲ ಕಡೆ ನೋಡಲು ಹೋಗಬೇಡಿ. ನಾವೀಗ ಆಕಾಶವನ್ನು ಹಂಚಿಕೊಳ್ಳುತ್ತೇವೆ. ಭಾವ ಕೆಳಗೆ ನೋಡುತ್ತಾರೆ, ನಾನು ಮೂರು ಮುಷ್ಟಿಯ ಹತ್ತಿರ, ಮಗು ಮೊದಲ ಸಲದಂತೆಯೇ ಅಂಗಾತ ಮಲಗುತ್ತದೆ. ಯಾರಿಗೆ ಕಂಡರೂ ಕೂಗುತ್ತಾರೆ. ಮೂರನೆಯ ಸಲ ಹೀಗೆ ಮಾಡಿದಾಗ ನಮಗೆ ಇಪ್ಪತ್ತು ಸೆಕೆಂಡ್‌ಗೂ ಜಾಸ್ತಿ ಸಿಕ್ಕಿತು.

ನಸುಕಿನ ಉಡಾವಣೆಯಾದರೆ ಇನ್ನೊಂದು ಲಾಭ ಇದೆ. ನಿಮಗೆ ಇನ್ನೂ ಸೂರ್ಯ ಹುಟ್ಟಿರುವುದಿಲ್ಲ, ಮೇಲೆ ಹೋದ ರಾಕೆಟ್ಟಿಗೆ ಆಗಲೇ ಬಿಸಿಲು ಸಿಕ್ಕಿರುತ್ತದೆ. ಅದರ ಹೊಗೆ ಬೆಳ್ಳಗೆ, ಮುತ್ತಿನ ಬಣ್ಣಕ್ಕೆ ಹೊಳೆಯುತ್ತದೆ. ಮಂಜು ತೆಳುವಾಗಿದ್ದರೆ ಇದು ಮಂಜಿನೊಳಗಿಂದಲೂ ಕಾಣುತ್ತದೆ. ರಾಕೆಟ್ ಹೋದ ಮೇಲೂ ಹತ್ತು ನಿಮಿಷ ಆಕಾಶ ನೋಡುತ್ತಿರಿ, ಆ ಹೊಗೆಯನ್ನು ಮೇಲಿನ ಗಾಳಿ ಎಳೆದಾಡುವುದು ನೋಡಲು ಸಿಗುತ್ತದೆ.

ಕಿವಿಗೆ ಕೊಡಬೇಕಾದ ಹೊತ್ತು

ಬೆಳಕು ಕಂಡೊಡನೆ ಎಣಿಸಲು ಶುರುಮಾಡಿ. ಸದ್ದು ಒಂದು ಕಿಲೋಮೀಟರ್ ಬರಲು ಹತ್ತಿರ ಹತ್ತಿರ ಮೂರು ಸೆಕೆಂಡ್ ಬೇಕು. ಎಣಿಸಿದ್ದನ್ನು ಮೂರರಿಂದ ಭಾಗಿಸಿದರೆ ನೀವು ಎಷ್ಟು ದೂರ ಇದ್ದೀರಿ ಅಂತ ತಿಳಿಯುತ್ತದೆ. 15 ಕಿಲೋಮೀಟರ್ ದೂರದಲ್ಲಿದ್ದರೆ 45 ಸೆಕೆಂಡ್. ಸದ್ದು ಬರುವಾಗ ರಾಕೆಟ್ ಎಲ್ಲೋ ಮೇಲಿರುತ್ತದೆ. ಕಿವಿ ವೇದಿಕೆಯ ಕಡೆ ಕರೆಯುತ್ತದೆ, ಕಣ್ಣು ಮೇಲೇ ಇರಲಿ.

ಮಂಜಿನ ಬೆಳಗ್ಗೆ ಸದ್ದು ದೂರಕ್ಕೂ ಚೆನ್ನಾಗಿ ಕೇಳುತ್ತದೆ. ನೆಲದ ಹತ್ತಿರದ ಗಾಳಿ ತಣ್ಣಗಿದ್ದು ಮೇಲಿನದು ಬೆಚ್ಚಗಿರುವುದರಿಂದ ಸದ್ದು ಮೇಲಕ್ಕೆ ಹೋಗಿ ಕಳೆದುಹೋಗದೆ ಮತ್ತೆ ನೆಲದ ಕಡೆಗೇ ಬಾಗುತ್ತದೆ. ಮೊದಲು ದೂರದ ಗುಡುಗು, ಆಮೇಲೆ ಬೆಂಕಿಯಲ್ಲಿ ಹಸಿ ಬಿದಿರು ಸಿಡಿದ ಹಾಗೆ ಪಟಪಟ. ಆ ಸಿಡಿತ ಘನ ಇಂಧನದ ರಾಕೆಟ್‌ಗಳಲ್ಲಿ ಜೋರು. ಎದೆಗೂಡಿನಲ್ಲಿ ಅದುರುವುದು ಗೊತ್ತಾಗುತ್ತದೆ. ಸಣ್ಣ ಮಕ್ಕಳಿಗೆ ಮೊದಲೇ ಹೇಳಿ, ಇಲ್ಲದಿದ್ದರೆ ಹೆದರುತ್ತಾರೆ. ಆ ಹೊತ್ತಿನಲ್ಲಿ ಯಾರೂ ಮಾತಾಡಬೇಡಿ ಅಂತ ನಮ್ಮಲ್ಲೊಂದು ಒಪ್ಪಂದ. ಹಳ್ಳಿಯ ಸಾವಿರ ಜನ ಒಟ್ಟಿಗೆ ಸುಮ್ಮನಾಗಿ ಒಂದು ಸದ್ದನ್ನು ಕೇಳುವುದು ನಾನು ಬೇರೆಲ್ಲೂ ನೋಡಿಲ್ಲ.

ಫೋಟೋ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮಂಜಿನಲ್ಲಿ ಕ್ಯಾಮೆರಾ ತಾನಾಗಿ ಫೋಕಸ್ ಹಿಡಿಯುವುದಿಲ್ಲ, ತಡಕಾಡುತ್ತದೆ. ಮೊದಲೇ ದೂರದ ದೀಪವೊಂದಕ್ಕೆ ಫೋಕಸ್ ಮಾಡಿ ಲಾಕ್ ಹಾಕಿ. ಅದಕ್ಕಿಂತ ಒಳ್ಳೆಯದು, ಮೊಬೈಲನ್ನು ಚೀಲಕ್ಕೆ ಒರಗಿಸಿ ವಿಡಿಯೋ ಹಾಕಿ ಬಿಟ್ಟುಬಿಡಿ. ಚಿತ್ರ ಬರದಿದ್ದರೂ ಸದ್ದು ಉಳಿಯುತ್ತದೆ.

ಮುಗಿದೊಡನೆ ಗಾಡಿ ಹತ್ತಬೇಡಿ. ಎಲ್ಲರೂ ಒಟ್ಟಿಗೆ ಹೊರಟು ರಸ್ತೆ ಕಟ್ಟಿರುತ್ತದೆ, ಮಂಜೂ ಇನ್ನೂ ಇರುತ್ತದೆ. ಸರೋವರದಲ್ಲಿ ಈ ಕಾಲಕ್ಕೆ ರಾಜಹಂಸಗಳು ಬಂದಿರುತ್ತವೆ. ಮಂಜು ಸರಿದಂತೆ ನಸುಗೆಂಪು ಸಾಲು ಒಂದೊಂದಾಗಿ ಕಾಣತೊಡಗುತ್ತದೆ. ನಾಯುಡುಪೇಟೆ ದಾರಿಯಲ್ಲಿ ಹೋಗುವವರಿಗೆ ನೇಲಪಟ್ಟು ಪಕ್ಷಿಧಾಮವೂ ಇದೆ. ಸೂಳ್ಳೂರುಪೇಟೆಯ ಚೆಂಗಾಳಮ್ಮ ಗುಡಿಗೆ ಉಡಾವಣೆಗೆ ಮೊದಲು ವಿಜ್ಞಾನಿಗಳೂ ಬಂದು ಕೈಮುಗಿದು ಹೋಗುತ್ತಾರೆ. ನಾವೂ ಪ್ರತಿ ಸಲ ಹೋಗುತ್ತೇವೆ.

ಹೋಗಲಾಗದವರು ಊರಿನಿಂದಲೇ

ರಾತ್ರಿ ಅಥವಾ ನಸುಕಿನ ಉಡಾವಣೆಯಾದರೆ ಊರಿನಲ್ಲಿದ್ದೇ ಪ್ರಯತ್ನ ಮಾಡಬಹುದು. ಹೊಸೂರಿನಿಂದ ಶ್ರೀಹರಿಕೋಟಾ ನೇರ ಗೆರೆಯಲ್ಲಿ ಸುಮಾರು 280 ಕಿಲೋಮೀಟರ್. ಭೂಮಿ ದುಂಡಗಿರುವುದರಿಂದ ರಾಕೆಟ್ ಕೆಲವು ಕಿಲೋಮೀಟರ್ ಏರಿದ ಮೇಲಷ್ಟೇ ನಮ್ಮ ದಿಗಂತ ದಾಟುತ್ತದೆ. ನಡುವೆ ಬೆಟ್ಟಗಳೂ ಇವೆ. ಮೊದಲ ಒಂದು ನಿಮಿಷ ಏನೂ ಕಾಣದಿದ್ದರೆ ಬೇಸರ ಬೇಡ. 50 ಕಿಲೋಮೀಟರ್ ಎತ್ತರಕ್ಕೆ ಹೋದಾಗಲೂ ನಮಗೆ ಅದು ದಿಗಂತದಿಂದ ಏಳೆಂಟು ಡಿಗ್ರಿ, ಅಂದರೆ ಒಂದು ಮುಷ್ಟಿಗಿಂತ ಕಡಿಮೆ. ಚಿತ್ತೂರಿನವರಿಗೆ ದೂರ ಬರೀ 130 ಕಿಲೋಮೀಟರ್ ಆಗುವುದರಿಂದ ಒಂದೂವರೆ ಮುಷ್ಟಿ ಎತ್ತರಕ್ಕೆ ಸಿಗುತ್ತದೆ. ದಿಕ್ಕು ಪೂರ್ವಕ್ಕಿಂತ ಸ್ವಲ್ಪ ಉತ್ತರಕ್ಕೆ, ಆಮೇಲೆ ನಿಧಾನ ಬಲಕ್ಕೆ.

ಇಲ್ಲಿ ಲೆಕ್ಕ ತಲೆಕೆಳಗು. ದಿಗಂತದ ಹತ್ತಿರ ನೋಡಬೇಕಾದ್ದರಿಂದ ತೆಳು ಮಂಜೂ ಎಲ್ಲವನ್ನೂ ನುಂಗುತ್ತದೆ. ಆದ್ದರಿಂದ ಎತ್ತರಕ್ಕೆ ಹೋಗಬೇಕು, ಮಂಜು ನಿಮ್ಮ ಕಾಲ ಕೆಳಗಿರಬೇಕು. ಹೊಸೂರಿನ ಚಂದ್ರಚೂಡೇಶ್ವರನ ಬೆಟ್ಟ ಇದಕ್ಕೆ ಹೇಳಿ ಮಾಡಿಸಿದ ಜಾಗ. ಆ ಹೊತ್ತಿಗೆ ಮೇಲೆ ಬಿಡದಿದ್ದರೆ ಬಾಗಲೂರು, ಬೇರಿಕೆ ಕಡೆಯ ಯಾವುದಾದರೂ ದಿಣ್ಣೆ, ಊರಿನ ದೀಪ ಬೆನ್ನಿಗೆ ಬರುವ ಹಾಗೆ. ಸದ್ದು ಇಲ್ಲಿಯವರೆಗೆ ಬರುವುದಿಲ್ಲ. ಕಾಣುವುದು ಓಡುವ ಒಂದು ಕಿತ್ತಳೆ ಚುಕ್ಕೆ. ಪಿಎಸ್‌ಎಲ್‌ವಿಯ ಮೊದಲ ಹಂತ ಉರಿಯುವುದು ಸುಮಾರು 110 ಸೆಕೆಂಡ್. ಎರಡನೆಯ ಹಂತ ದ್ರವ ಇಂಧನದ್ದು, ಅದರ ಬೆಳಕು ಮಂಕು. ನಿಮಗೆ ಸಿಗುವುದು ಆ 110ರ ಕೊನೆಯ ಅರ್ಧ. ಹತ್ತು ನಿಮಿಷ ಮೊದಲೇ ಮೊಬೈಲ್ ಜೇಬಿಗಿಟ್ಟು ಕಣ್ಣನ್ನು ಕತ್ತಲೆಗೆ ಒಗ್ಗಿಸಿಕೊಂಡು, ಪೂರ್ವಕ್ಕೆ ಮುಖ ಮಾಡಿ ನಿಲ್ಲಿ.